ಗೋಣಿಕೊಪ್ಪ ಅಂತ ಟೈಪ್ ಮಾಡಿದೆ

ಮಡಿಕೇರಿಯಲ್ಲಿ ಇವತ್ತೂ ಬಿಡದ ಮಳೆ. ಸುಮ್ನೆ ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್) ಇದ್ದ ಪೆನ್‌ಡ್ರೈವ್ ಚುಚ್ಚಿದೆ. ಇನ್‌ಸ್ಟಾಲ್ ಮಾಡದೆಯೇ ಓಡಿಸಿ ನೋಡಬಹುದು, ಹೊಸಬರಿಗೆ ಅದೇ ಧೈರ್ಯ. ವೈಫೈ ಸಿಕ್ಕಿತು, ಸೌಂಡ್ ಬಂತು. ಪ್ರಿಂಟರ್ ಮಾತ್ರ ಇನ್ನೂ ಮುನಿಸಿಕೊಂಡಿದೆ.

ಖುಷಿಯಾಗಿದ್ದು ಕೀಬೋರ್ಡ್ ಪಟ್ಟಿ ನೋಡಿ. ಅಲ್ಲಿ ನಮ್ಮ ಕಗಪ, ಅಂದ್ರೆ ಕನ್ನಡ ಟೈಪ್ ಮಾಡುವ ಕೀಲಿಗಳ ಜೋಡಣೆ! ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದೇ. ಬೇರೆ ಡೌನ್‌ಲೋಡ್ ಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. 'ಗೋಣಿಕೊಪ್ಪ' ಅಂತ ಹೊಡೆದೆ, ಒತ್ತು ಸಮೇತ ನೀಟಾಗಿ ಬಂತು.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಹವ್ಯಾಸಕ್ಕೆ ಅಂತ ಶುರು ಮಾಡಿದ್ದು ಈ ಲಿನಕ್ಸ್. ಆಮೇಲೆ ಯಾರೋ ಕೂತು ನಮ್ಮ ಒತ್ತಕ್ಷರಕ್ಕೂ ತಲೆ ಕೆಡಿಸಿಕೊಂಡಿದ್ದಾರೆ. ದುಡ್ಡು ಕೇಳಿಲ್ಲ. ಆಶ್ಚರ್ಯ ಅಲ್ವಾ?

ವಿಂಡೋಸ್ ಅಳಿಸುವುದು ಸದ್ಯಕ್ಕೆ ಬೇಡ. ತೋಟದ ಲೆಕ್ಕವೆಲ್ಲ ಅದರಲ್ಲೇ ಇದೆ, ಮನೆಯಲ್ಲಿ ಬೈತಾರೆ.