ಕೊನೆಯ ಐನೂರು ಮತ ಎಲ್ಲಿರುತ್ತವೆ: ರಿಪಬ್ಲಿಕನ್ ಅಭ್ಯರ್ಥಿಗಳ ಪರ ಮನೆಮನೆ ಕೆಲಸದ ಪಾಠ

2020ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಎರಡನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮರಿಯಾನೆಟ್ ಮಿಲ್ಲರ್-ಮೀಕ್ಸ್ ಗೆದ್ದದ್ದು 6 ಮತದಿಂದ. ಬಿದ್ದ ಮತ ಸುಮಾರು 3,94,000. 2022ರಲ್ಲಿ ಕೊಲರಾಡೋದ ಮೂರನೇ ಕ್ಷೇತ್ರದಲ್ಲಿ ಅದೇ ಪಕ್ಷದ ಲಾರೆನ್ ಬೋಬರ್ಟ್ 546 ಮತದಿಂದ ದಡ ಸೇರಿದರು. ಕ್ಯಾಲಿಫೋರ್ನಿಯಾದ 13ನೇ ಕ್ಷೇತ್ರದಲ್ಲಿ ನಮ್ಮವರೇ ಆದ ಜಾನ್ ಡುವಾರ್ಟೆ 2022ರಲ್ಲಿ 564 ಮತದಿಂದ ಗೆದ್ದು, 2024ರಲ್ಲಿ ಅದೇ ಎದುರಾಳಿ ಆಡಮ್ ಗ್ರೇ ಮುಂದೆ 187 ಮತದಿಂದ ಸೋತರು. ಆ ವರ್ಷ 435 ಸ್ಥಾನಗಳ ಹೌಸ್‌ನಲ್ಲಿ, ಅಂದರೆ ಅಮೆರಿಕ ಸಂಸತ್ತಿನ ಕೆಳಮನೆಯಲ್ಲಿ, ರಿಪಬ್ಲಿಕನ್ನರಿಗೆ 220, ಡೆಮಾಕ್ರಟರಿಗೆ 215. ಬಹುಮತ ಅಷ್ಟು ತೆಳುವಾಗಿರುವಾಗ ತೆರಿಗೆ, ಗಡಿ, ಶಾಲೆ ಕುರಿತ ಕನ್ಸರ್ವೇಟಿವ್ ಮಸೂದೆಗಳ ಹಣೆಬರಹ ಇಂಥ ಕೆಲವೇ ಕ್ಷೇತ್ರಗಳ ಕೆಲವೇ ಬೀದಿಗಳಲ್ಲಿ ಬರೆದಿರುತ್ತದೆ.

ಈ ಕೆಲಸದಲ್ಲಿ ಇರುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದ ಮಾತು: ಜಿದ್ದಾಜಿದ್ದಿ ಕ್ಷೇತ್ರದಲ್ಲಿ ನಮ್ಮನ್ನು ಸೋಲಿಸುವುದು ಹೆಚ್ಚಾಗಿ ಎದುರಾಳಿಯ ಭಾಷಣ ಅಲ್ಲ. ನಮ್ಮ ಕಡೆಯವರೇ ಆದ, ಆದರೆ ಮತ ಹಾಕುವುದರಲ್ಲಿ ಉದಾಸೀನರಾದ ಜನರ ಅಂಚೆ ಮತದ ಲಕೋಟೆ ಅಡುಗೆಮನೆ ಕಟ್ಟೆಯ ಮೇಲೆ ವಿದ್ಯುತ್ ಬಿಲ್ಲಿನ ಜೊತೆ ಬಿದ್ದಿರುತ್ತದಲ್ಲ, ಅದು. ಆ ಲಕೋಟೆ ಚುನಾವಣಾ ಕಚೇರಿ ಮುಟ್ಟುವಂತೆ ಮಾಡುವುದೇ ನಮ್ಮ ಕಸುಬು.

ಕೆಲಸ ಶುರುವಾಗುವುದು ಮತದಾರರ ಪಟ್ಟಿಯಿಂದ. ಪೆನ್ಸಿಲ್ವೇನಿಯಾದಲ್ಲಿ ಇಡೀ ರಾಜ್ಯದ ಪಟ್ಟಿಗೆ 20 ಡಾಲರ್. ಹೆಸರು, ವಿಳಾಸ, ಹುಟ್ಟಿದ ದಿನ, ಪಕ್ಷ, ಯಾವ ಯಾವ ಚುನಾವಣೆಯಲ್ಲಿ ಮತ ಹಾಕಿದ್ದಾರೆ, ಅಂಚೆಯಲ್ಲೋ ಬೂತ್‌ನಲ್ಲೋ ಎಲ್ಲ ಅದರಲ್ಲಿರುತ್ತದೆ. ಯಾರಿಗೆ ಹಾಕಿದರು ಎಂಬುದು ಮಾತ್ರ ಇರುವುದಿಲ್ಲ. ಕರ್ನಾಟಕದಲ್ಲಿ ಮತದಾರರ ಪಟ್ಟಿಯ ಒಂದೊಂದು ಪುಟ ನೋಡಿಕೊಳ್ಳುವ ಪೇಜ್ ಪ್ರಮುಖರ ಕೆಲಸ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಒಂದು ಪುಟದ ಮನೆಗಳ ಒಲವು ಊರಿನವರ ಬಾಯಲ್ಲಿ ಇರುತ್ತದೆ, ಇಲ್ಲಿ ಅದು ಕಂಪ್ಯೂಟರಿನಲ್ಲಿ ಅಂಕಿಯಾಗಿ ಇರುತ್ತದೆ. ಪೆನ್ಸಿಲ್ವೇನಿಯಾ, ಅಯೋವಾ, ಅರಿಜೋನಾ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ನೋಂದಣಿಯಲ್ಲೇ ಪಕ್ಷದ ಹೆಸರಿದೆ. ವರ್ಜೀನಿಯಾ, ಮಿಷಿಗನ್, ವಿಸ್ಕಾನ್ಸಿನ್, ಜಾರ್ಜಿಯಾ, ಟೆಕ್ಸಾಸ್‌ಗಳಲ್ಲಿ ಇಲ್ಲ. ಅಲ್ಲಿ ಯಾವ ಪಕ್ಷದ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ) ಮತ ಹಾಕಿದರು ಎಂಬ ದಾಖಲೆ ಸಿಗುವ ಕಡೆ ಅದನ್ನೂ, ಡೇಟಾ ಟ್ರಸ್ಟ್‌ನಂಥ ರಿಪಬ್ಲಿಕನ್ ದತ್ತಾಂಶ ಸಂಸ್ಥೆಗಳ ಸ್ಕೋರನ್ನೂ ನೆಚ್ಚಬೇಕು. ಸ್ಕೋರ್ ಎರಡು ಬಗೆ: ನಮ್ಮವರಾಗಿರುವ ಸಾಧ್ಯತೆ ಎಷ್ಟು, ಮತ ಹಾಕಲು ಬರುವ ಸಾಧ್ಯತೆ ಎಷ್ಟು. ಎರಡನ್ನೂ ಬೆರೆಸಿ ನೋಡಿದವರು ಮೊದಲ ದಿನವೇ ದಾರಿ ತಪ್ಪುತ್ತಾರೆ.

ಪಟ್ಟಿಯನ್ನು ಮೂರು ರಾಶಿ ಮಾಡಿ. ನಮ್ಮವರು, ಪ್ರತಿ ಸಲ ಮತ ಹಾಕುವವರು: ಇವರ ಬಾಗಿಲು ಬಡಿಯಬೇಡಿ, ವಾಲಂಟಿಯರ್ ಆಗಲು ಕರೆಯಿರಿ. ಪ್ರತಿ ಸಲ ಮತ ಹಾಕುವವರು, ಆದರೆ ಯಾವ ಕಡೆಯೂ ಗಟ್ಟಿಯಾಗಿ ನಿಲ್ಲದವರು: ಇವರ ಮನೆಗೆ ಅಭ್ಯರ್ಥಿಯೇ ಹೋಗಬೇಕು. ಮೂರನೆಯ ರಾಶಿ ನಮ್ಮವರೇ, ಆದರೆ ಕಳೆದ ನಾಲ್ಕು ಸಾರ್ವತ್ರಿಕ ಚುನಾವಣೆಗಳಲ್ಲಿ ಒಂದರಲ್ಲೋ ಎರಡರಲ್ಲೋ ಮಾತ್ರ ಕಾಣಿಸಿಕೊಂಡವರು. ವಾಲಂಟಿಯರ್‌ಗಳ ಮುಕ್ಕಾಲು ಸಮಯ ಇವರಿಗೆ. ಹೊಸಬರು ಮಾಡುವ ತಪ್ಪು ಒಂದೇ: ಮೊದಲ ರಾಶಿಯ ಮನೆಗಳಲ್ಲಿ ಶನಿವಾರ ಕಳೆಯುವುದು. ಅಲ್ಲಿ ನಗುಮುಖ ಸಿಗುತ್ತದೆ, ಕಾಫಿ ಸಿಗುತ್ತದೆ, ಹೊಸ ಮತ ಒಂದೂ ಸಿಗುವುದಿಲ್ಲ.

ಈಗ ಲೆಕ್ಕ. ಮನೆಗಳು ಒತ್ತೊತ್ತಾಗಿರುವ ಬಡಾವಣೆಯಲ್ಲಿ ಒಬ್ಬರು ಗಂಟೆಗೆ 15ರಿಂದ 20 ಬಾಗಿಲು ಬಡಿಯಬಹುದು. ನಾಲ್ಕರಲ್ಲಿ ಒಂದು ತೆರೆದರೆ ಒಳ್ಳೆಯ ದಿನ. ಮೂರು ಗಂಟೆಯ ಪಾಳಿಯಲ್ಲಿ 50 ಬಾಗಿಲು, 12 ಮಾತುಕತೆ. 10,000 ಮನೆಗೆ ಎರಡೆರಡು ಸಲ ಹೋಗಬೇಕೆಂದರೆ 400 ಪಾಳಿ. ಕೊನೆಯ ಎಂಟು ವಾರಗಳ ಶನಿವಾರ, ಭಾನುವಾರ ಮಾತ್ರ ಸಿಕ್ಕರೆ ಅದು 16 ದಿನ, ದಿನಕ್ಕೆ 25 ಜನ. ಬರುತ್ತೇನೆ ಎಂದವರಲ್ಲಿ ಅರ್ಧ ಜನ ಬರುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ 50 ಹೆಸರು ಬೇಕು, ಶುಕ್ರವಾರ ಸಂಜೆ ಪ್ರತಿಯೊಬ್ಬರಿಗೂ ಫೋನ್ ಹೋಗಬೇಕು. ಮೆಸೇಜ್ ಸಾಲದು, ದನಿ ಕೇಳಬೇಕು. ಈ ಲೆಕ್ಕವನ್ನು ಜೂನ್‌ನಲ್ಲಿ ಹಾಕದವರು ಅಕ್ಟೋಬರ್‌ನಲ್ಲಿ ದುಡ್ಡು ಕೊಟ್ಟು ಜನ ತರುತ್ತಾರೆ.

ಅಲ್ಲೊಂದು ಗುಂಡಿ ಇದೆ. ದುಡ್ಡಿಗೆ ಬಂದವರಲ್ಲಿ ಕೆಲವರು ಕಾರಿನಲ್ಲಿ ಕೂತು ಆ್ಯಪ್‌ನಲ್ಲಿ ‘ಮನೆಯಲ್ಲಿಲ್ಲ, ಮನೆಯಲ್ಲಿಲ್ಲ’ ಎಂದು ಒತ್ತುತ್ತಾ ಹೋಗುತ್ತಾರೆ. ಗಂಟೆಗೆ 40 ಬಾಗಿಲು ಎಂದು ವರದಿ ಬಂದರೆ ಖುಷಿಪಡಬೇಡಿ, ಅಷ್ಟು ವೇಗದಲ್ಲಿ ಯಾರೂ ನಡೆಯಲಾರರು. ಎರಡು ನಮೂದುಗಳ ನಡುವಿನ ಸೆಕೆಂಡು, ಜಿಪಿಎಸ್ ಚುಕ್ಕಿ ಎರಡನ್ನೂ ಅದೇ ರಾತ್ರಿ ನೋಡಬೇಕು. ಮಾತಾಡಿದ್ದೇವೆ ಎಂದು ಬರೆದ ಮನೆಗಳಲ್ಲಿ 20ಕ್ಕೆ ಒಂದಕ್ಕೆ ಮರುದಿನ ಫೋನ್ ಮಾಡಿ ವಿಚಾರಿಸಬೇಕು. ವಾರ ಬಿಟ್ಟು ನೋಡಿದರೆ ಮನೆಯವರಿಗೂ ನೆನಪಿರುವುದಿಲ್ಲ.

ಬಾಗಿಲ ಮುಂದೆ ಹೇಗಿರಬೇಕು? ಬೆಲ್ ಒತ್ತಿ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ, ಕೈ ಕಾಣುವಂತೆ ಇರಲಿ. ಹುಲ್ಲು ತುಳಿದು ಪಕ್ಕದ ಮನೆಗೆ ದಾಟಬೇಡಿ. ಕರಪತ್ರವನ್ನು ಅಂಚೆ ಡಬ್ಬಿಗೆ ಹಾಕಲೇಬೇಡಿ. ಸ್ಟಾಂಪ್ ಇಲ್ಲದ ಕಾಗದ ಅದರೊಳಗೆ ಹಾಕುವುದು ಫೆಡರಲ್ ಕಾನೂನಿನ ಪ್ರಕಾರ ತಪ್ಪು, ಬಾಗಿಲ ಹಿಡಿಗೆ ಸಿಕ್ಕಿಸಿ ಬನ್ನಿ. ‘ನೋ ಸಾಲಿಸಿಟಿಂಗ್’ ಫಲಕ ಮುಖ್ಯವಾಗಿ ವ್ಯಾಪಾರಕ್ಕೆ ಬರುವವರಿಗೆ. ಆದರೂ ಫಲಕ ಇದ್ದ ಮನೆ ಬಿಟ್ಟುಬಿಡುವುದು ಒಳ್ಳೆಯದು, ಸಿಟ್ಟಾದ ಮತದಾರ ನಮಗೆ ಬೇಡ.

ಮಾತು ‘ನೀವು ಯಾರಿಗೆ ಹಾಕುತ್ತೀರಿ’ ಎಂದು ಶುರುವಾದರೆ ಬಾಗಿಲು ಅರ್ಧ ಮುಚ್ಚುತ್ತದೆ. ‘ಈ ಸಲ ಅಂಚೆಯಲ್ಲಿ ಕಳಿಸುತ್ತೀರೋ, ಬೂತ್‌ಗೆ ಹೋಗುತ್ತೀರೋ?’ ಎಂದು ಕೇಳಿ. ಉತ್ತರ ಬಂದ ಮೇಲೆ ಯಾವ ದಿನ, ಕೆಲಸಕ್ಕೆ ಹೋಗುವ ಮುಂಚೆಯೋ ಬಂದ ಮೇಲೆಯೋ, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಇಷ್ಟು ಕೇಳಿ. ದಿನವನ್ನು ತಾವೇ ಬಾಯಿಬಿಟ್ಟು ಹೇಳಿದವರು ಬರುತ್ತಾರೆ. ‘ನೋಡೋಣ’ ಅಂದವರ ಹೆಸರಿನ ಮುಂದೆ ಗುರುತು ಹಾಕಿ, ಅವರಿಗೆ ಎರಡನೇ ಭೇಟಿ.

ಅಂಚೆ ಮತದ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಪಾಳೆಯ ಹೆಚ್ಚು ಕಳೆದುಕೊಂಡದ್ದು ಇಲ್ಲೇ. 2018ರಲ್ಲಿ ಕ್ಯಾಲಿಫೋರ್ನಿಯಾದ 21ನೇ ಕ್ಷೇತ್ರದಲ್ಲಿ ನಮ್ಮ ಡೇವಿಡ್ ವಲಡಾವೊ ಗೆದ್ದರೆಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಘೋಷಿಸಿತ್ತು. ಅಂಚೆ ಮತಗಳ ಎಣಿಕೆ ಮುಂದುವರಿದಂತೆ ಮುನ್ನಡೆ ಕರಗಿ, ಕೊನೆಗೆ 862 ಮತದಿಂದ ಸೋಲು. ಎದುರು ಪಕ್ಷ ತಿಂಗಳುಗಟ್ಟಲೆ ಲಕೋಟೆಗಳ ಬೆನ್ನು ಹತ್ತುವಾಗ ನಾವು ‘ಮತದಾನದ ದಿನ ಬೂತ್‌ಗೆ ಬನ್ನಿ’ ಎಂದು ಕೂತರೆ, ಆ ದಿನ ಮಗುವಿಗೆ ಜ್ವರ ಬಂದವರ, ಪಾಳಿ ಬದಲಾದವರ, ಟೈರ್ ಪಂಕ್ಚರ್ ಆದವರ ಮತ ಹೋದಂತೆಯೇ. 2023ರಲ್ಲಿ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿ ‘ಬ್ಯಾಂಕ್ ಯುವರ್ ವೋಟ್’ ಎಂದು ಅವಧಿಗೆ ಮುಂಚಿನ ಮತಕ್ಕೆ ಕರೆ ಕೊಟ್ಟದ್ದು ತಡವಾಗಿಯಾದರೂ ಸರಿಯಾದ ನಿರ್ಧಾರ. ಮೊದಲೇ ಮತ ಹಾಕಿದವರ ಹೆಸರು ಪಟ್ಟಿಯಿಂದ ಇಳಿಯುತ್ತದೆ, ಕೊನೆಯ ವಾರ ಉಳಿದವರ ಮೇಲೆ ಪೂರ್ತಿ ಗಮನ ಹರಿಸಬಹುದು.

ಪೆನ್ಸಿಲ್ವೇನಿಯಾದ ಲಕೋಟೆಯನ್ನು ಕೈಯಲ್ಲಿ ಹಿಡಿದು ವಾಲಂಟಿಯರ್‌ಗಳಿಗೆ ತೋರಿಸಿ. ಮತಪತ್ರ ಮೊದಲು ಒಳಲಕೋಟೆಗೆ, ಅದನ್ನು ಅಂಟಿಸಿ ಹೊರಲಕೋಟೆಗೆ, ಹೊರಗಡೆ ಸಹಿ. ಒಳಲಕೋಟೆ ಇಲ್ಲದೆ ಬಂದರೆ ಅದಕ್ಕೆ ‘ನೇಕೆಡ್ ಬ್ಯಾಲೆಟ್’ ಎನ್ನುತ್ತಾರೆ, ಎಣಿಸುವುದಿಲ್ಲ. ಚುನಾವಣೆ ದಿನ ರಾತ್ರಿ 8ರೊಳಗೆ ಕೌಂಟಿ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಚುನಾವಣಾ ಕಚೇರಿಯ ಕೈ ಸೇರಿರಬೇಕು, ಅಂಚೆ ಮುದ್ರೆಯ ತಾರೀಖು ಲೆಕ್ಕಕ್ಕಿಲ್ಲ. ಆದ್ದರಿಂದ ಕೊನೆಯ ವಾರದಲ್ಲಿ ‘ಅಂಚೆಗೆ ಹಾಕಿ’ ಎನ್ನುವುದನ್ನು ನಿಲ್ಲಿಸಿ, ‘ನೀವೇ ಹೋಗಿ ಕೊಟ್ಟು ಬನ್ನಿ’ ಎನ್ನಬೇಕು. 2024ರಲ್ಲಿ ಇದೇ ರಾಜ್ಯದ ಲೀಹೈ ಕಣಿವೆಯ ಏಳನೇ ಕ್ಷೇತ್ರದಲ್ಲಿ ನಮ್ಮ ರಾಯನ್ ಮೆಕೆನ್ಜಿ ಸುಮಾರು 4,000 ಮತದಿಂದ ಸೂಸನ್ ವೈಲ್ಡ್ ಅವರನ್ನು ಸೋಲಿಸಿದರು. ಆ ಅಂತರದಲ್ಲಿ ಇಂಥ ಸಣ್ಣ ವಿಷಯ ಯಾವುದೂ ಸಣ್ಣದಲ್ಲ.

ಒಂದು ರಾಜ್ಯದಲ್ಲಿ ಸರಿ ಎನಿಸಿದ್ದು ಇನ್ನೊಂದರಲ್ಲಿ ಜೈಲು. ಕ್ಯಾಲಿಫೋರ್ನಿಯಾದಲ್ಲಿ ಮತದಾರ ಒಪ್ಪಿದರೆ ಬೇರೆಯವರು ಲಕೋಟೆ ಒಯ್ದು ಕೊಡಬಹುದು. ಅರಿಜೋನಾದಲ್ಲಿ ಮನೆಯವರು, ಆರೈಕೆ ಮಾಡುವವರು ಬಿಟ್ಟು ಬೇರೆಯವರು ಒಯ್ದರೆ ಅದು ಗಂಭೀರ ಅಪರಾಧ, 2021ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿದಿದೆ. ಬೂತ್‌ನಿಂದ ಎಷ್ಟು ದೂರ ನಿಂತು ಪ್ರಚಾರ ಮಾಡಬಹುದು ಎಂಬುದೂ ಹಾಗೆಯೇ: ಪೆನ್ಸಿಲ್ವೇನಿಯಾದಲ್ಲಿ 10 ಅಡಿ, ಅರಿಜೋನಾದಲ್ಲಿ 75, ಅಯೋವಾದಲ್ಲಿ 300. ನೆರೆ ರಾಜ್ಯದಿಂದ ಬಸ್ಸಿನಲ್ಲಿ ಬಂದ ಹುಮ್ಮಸ್ಸಿನ ಹುಡುಗರಿಗೆ ಇದನ್ನು ಬಸ್ ಇಳಿಯುವ ಮುಂಚೆಯೇ ಹೇಳಬೇಕು. ಕ್ಷೇತ್ರದ ಗಡಿಯನ್ನೂ ಪ್ರತಿ ಸಲ ನೋಡಿಕೊಳ್ಳಿ. 2025ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪ್ರೊಪೊಸಿಷನ್ 50 ಎಂಬ ಪ್ರಸ್ತಾವ ಜನಮತದಲ್ಲಿ ಅಂಗೀಕಾರವಾಗಿ ಕ್ಷೇತ್ರಗಳ ನಕ್ಷೆ ಬದಲಾಯಿತು, ಹಳೆಯ ಬೀದಿ ಪಟ್ಟಿ ಹಿಡಿದು ಹೊರಟರೆ ಬೇರೆಯವರ ಕ್ಷೇತ್ರದಲ್ಲಿ ಬೆವರು ಸುರಿಸಿದಂತೆ.

ಅಭ್ಯರ್ಥಿ ಏನು ಮಾತಾಡಬೇಕು ಎಂಬುದಕ್ಕೆ ಕ್ಷೇತ್ರವೇ ಗುರು. 2024ರಲ್ಲಿ ಅಧ್ಯಕ್ಷ ಸ್ಥಾನದ ಮತದಲ್ಲಿ ಡೆಮಾಕ್ರಟ್ ಕಮಲಾ ಹ್ಯಾರಿಸ್ ಮುಂದಿದ್ದ ಕ್ಷೇತ್ರಗಳಲ್ಲಿ ಗೆದ್ದ ರಿಪಬ್ಲಿಕನ್ನರಲ್ಲಿ ಒಮಾಹಾದ ಡಾನ್ ಬೇಕನ್, ನ್ಯೂಯಾರ್ಕ್‌ನ 17ನೇ ಕ್ಷೇತ್ರದ ಮೈಕ್ ಲಾಲರ್ ಇದ್ದಾರೆ. ಮನೆ ತೆರಿಗೆ ಕಟ್ಟಿ ಸುಸ್ತಾದ ಉಪನಗರದಲ್ಲಿ ಲಾಲರ್ ಹಿಡಿದದ್ದು ಸಾಲ್ಟ್ ವಿನಾಯಿತಿಯನ್ನು. ರಾಜ್ಯ ಮತ್ತು ಸ್ಥಳೀಯ ತೆರಿಗೆಯನ್ನು ಫೆಡರಲ್ ಲೆಕ್ಕದಲ್ಲಿ ಕಳೆಯುವ ಮಿತಿ 2017ರ ಕಾನೂನಿನಲ್ಲಿ 10,000 ಡಾಲರ್ ಆಗಿತ್ತು, 2025ರಲ್ಲಿ 40,000ಕ್ಕೆ ಏರಿತು. ಕನ್ಸರ್ವೇಟಿವ್ ತತ್ವ ಬಿಡಬೇಕಿಲ್ಲ, ಅದು ಆ ಬೀದಿಯ ಯಾವ ಬಿಲ್ಲಿನಲ್ಲಿ ಕಾಣುತ್ತದೆ ಎಂದು ತೋರಿಸಿದರೆ ಸಾಕು.

ದುಡ್ಡಿನ ಮಾತು. 2025–26ರ ಅವಧಿಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ಕೊಡಬಹುದು. ಪ್ರೈಮರಿ, ಜನರಲ್ ಎರಡು ಬೇರೆ ಲೆಕ್ಕ, ಒಟ್ಟು 7,000. ಗಂಡ ಹೆಂಡತಿಗೆ ಬೇರೆಬೇರೆ ಮಿತಿ, ಆದರೆ ಜಂಟಿ ಖಾತೆಯ ಚೆಕ್‌ಗೆ ಒಬ್ಬರೇ ಸಹಿ ಹಾಕಿದರೆ ಪೂರ್ತಿ ಮೊತ್ತ ಅವರೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ನಗದು 100 ಡಾಲರ್ ದಾಟುವಂತಿಲ್ಲ. ಒಟ್ಟು 200 ಡಾಲರ್ ದಾಟಿದವರ ಹೆಸರು, ವಿಳಾಸ, ಉದ್ಯೋಗ, ಕಂಪನಿ ವರದಿಯಲ್ಲಿ ಬರಬೇಕು. ಕಾರ್ಪೊರೇಷನ್ ಚೆಕ್ ಬಂದರೆ ವಾಪಸ್. ಮೋಟೆಲ್, ಪೆಟ್ರೋಲ್ ಬಂಕ್ ನಡೆಸುವ ಸ್ನೇಹಿತರು ಅಂಗಡಿ ಖಾತೆಯ ಚೆಕ್ ಬರೆದುಕೊಡುವುದು ಮಾಮೂಲು, ವಿನಯದಿಂದ ಹಿಂದಿರುಗಿಸಿ ಸ್ವಂತ ಚೆಕ್ ಕೇಳಿ. ‘ನೀನು ಕೊಡು, ಆಮೇಲೆ ನಾನು ತುಂಬಿಕೊಡುತ್ತೇನೆ’ ಎಂದು ನೌಕರರ ಹೆಸರಿನಲ್ಲಿ ಕೊಡಿಸುವುದು ಅಪರಾಧ, ಅದಕ್ಕೆ ಜೈಲಿಗೆ ಹೋದವರಿದ್ದಾರೆ.

ಕೊಡುವ ದುಡ್ಡು ಎಲ್ಲಿಗೆ ಹೋದರೆ ಹೆಚ್ಚು ಕೆಲಸ ಮಾಡುತ್ತದೆ? ಜನರಲ್ ಚುನಾವಣೆಗೆ 60 ದಿನ ಉಳಿದಾಗಿನಿಂದ ಟಿವಿ, ರೇಡಿಯೋ ಕೇಂದ್ರಗಳು ಅಭ್ಯರ್ಥಿಗೆ ಅತಿ ಕಡಿಮೆ ದರದಲ್ಲಿ ಸಮಯ ಕೊಡಬೇಕು, ಪ್ರೈಮರಿಗೆ ಇದು 45 ದಿನ. ಸೂಪರ್ ಪ್ಯಾಕ್‌ಗಳಿಗೆ, ಅಂದರೆ ಅಭ್ಯರ್ಥಿಯಿಂದ ಹೊರಗೆ ನಿಂತು ಮಿತಿಯಿಲ್ಲದೆ ಖರ್ಚು ಮಾಡುವ ಸಮಿತಿಗಳಿಗೆ, ಆ ದರ ಇಲ್ಲ. ಹೀಗಾಗಿ ಅಭ್ಯರ್ಥಿಯ ಖಾತೆಗೆ ಬಂದ ಒಂದು ಡಾಲರ್ ಕೊನೆಯ ವಾರಗಳಲ್ಲಿ ಹೊರಗಿನ ಡಾಲರಿಗಿಂತ ಹೆಚ್ಚು ಜಾಹೀರಾತು ಕೊಳ್ಳುತ್ತದೆ. ಕಾಂಗ್ರೆಷನಲ್ ಲೀಡರ್‌ಷಿಪ್ ಫಂಡ್‌ನಂಥ ಸೂಪರ್ ಪ್ಯಾಕ್ ದೊಡ್ಡ ಮೊತ್ತ ಸುರಿಯುತ್ತದೆ ಎಂದು ಅಭ್ಯರ್ಥಿ ನಿಧಿ ಸಂಗ್ರಹದಲ್ಲಿ ಸಡಿಲವಾದರೆ ಈ ಅನುಕೂಲ ಕೈತಪ್ಪುತ್ತದೆ.

ಅಮೆರಿಕದ ಕನ್ನಡಿಗರು ಕೇಳುವ ಪ್ರಶ್ನೆಗಳು ಬೇರೆ. ಗ್ರೀನ್ ಕಾರ್ಡ್ ಇದ್ದವರು ಮತ ಹಾಕುವಂತಿಲ್ಲ, ದೇಣಿಗೆ ಕೊಡಬಹುದು. ಎಚ್-1ಬಿ, ವಿದ್ಯಾರ್ಥಿ ವೀಸಾದವರು ಒಂದು ಡಾಲರ್ ಕೂಡ ಕೊಡುವಂತಿಲ್ಲ, ಪ್ರಚಾರಕ್ಕೆಂದು ಸ್ವಂತ ಜೇಬಿನಿಂದ ಖರ್ಚೂ ಮಾಡುವಂತಿಲ್ಲ. ಸಂಬಳವಿಲ್ಲದೆ ಬಾಗಿಲು ಬಡಿಯಬಹುದು, ಫೋನ್ ಮಾಡಬಹುದು, ಆದರೆ ಪ್ರಚಾರದ ತೀರ್ಮಾನಗಳಲ್ಲಿ ಕೈ ಹಾಕಬಾರದು. ಮನೆಯಲ್ಲಿ ಅಭ್ಯರ್ಥಿಗಾಗಿ ಸಭೆ ಕರೆದರೆ ಊಟ, ಆಮಂತ್ರಣಕ್ಕೆ ಒಬ್ಬರು 1,000 ಡಾಲರ್‌ವರೆಗೆ ಮಾಡಿದ ಖರ್ಚು ದೇಣಿಗೆ ಎನಿಸುವುದಿಲ್ಲ. ಇದು ನಾಗರಿಕರು, ಗ್ರೀನ್ ಕಾರ್ಡ್‌ನವರಿಗೆ ಮಾತ್ರ. 501(ಸಿ)(3) ನೋಂದಣಿ (ತೆರಿಗೆ ವಿನಾಯಿತಿಯ ಸೇವಾಸಂಸ್ಥೆ ಎಂಬ ಮಾನ್ಯತೆ) ಇರುವ ಕನ್ನಡ ಕೂಟದ ವೇದಿಕೆಯಿಂದ ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸುವಂತಿಲ್ಲ, ಸದಸ್ಯರ ಪಟ್ಟಿಯನ್ನು ಒಂದು ಕಡೆಗೆ ಕೊಡುವಂತಿಲ್ಲ. ಯುಗಾದಿ ಕಾರ್ಯಕ್ರಮದಲ್ಲಿ ಪಕ್ಷ ನೋಡದೆ ಮತದಾರರ ನೋಂದಣಿ ಮೇಜು ಹಾಕಬಹುದು. ಅಷ್ಟೂ ಆಗುತ್ತಿಲ್ಲ ಎಂಬುದು ಬೇಸರದ ಸಂಗತಿ.

ಮತದಾನ ಮುಗಿದ ರಾತ್ರಿ ವಾಲಂಟಿಯರ್‌ಗಳನ್ನು ಮನೆಗೆ ಕಳಿಸಿಬಿಡುವುದು ದೊಡ್ಡ ತಪ್ಪು. ಅಂತರ ಒಂದೆರಡು ಸಾವಿರದೊಳಗೆ ಇದ್ದರೆ ಕ್ಯೂರ್ ಕೆಲಸ, ಅಂದರೆ ದೋಷವಿರುವ ಅಂಚೆ ಮತಗಳನ್ನು ಮತದಾರರಿಂದ ಸರಿಪಡಿಸಿಸುವ ಕೆಲಸ, ಮರುದಿನ ಬೆಳಿಗ್ಗೆಯೇ ಶುರು. ಸಹಿ ಹೊಂದದೆ ಪಕ್ಕಕ್ಕಿಟ್ಟ, ಸಹಿಯೇ ಇಲ್ಲದ ಲಕೋಟೆಗಳ ಪಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕೌಂಟಿಯಿಂದ ಸಿಗುತ್ತದೆ. ನಮ್ಮ ಸ್ಕೋರಿನ ಜೊತೆ ಹೊಂದಿಸಿ, ನಮ್ಮವರು ಎನಿಸಿದವರ ಮನೆಗೆ ಫಾರ್ಮ್, ಪೆನ್ನು ಹಿಡಿದು ಹೋಗಬೇಕು. ವಯಸ್ಸಾದವರ ಕೈ ನಡುಗಿರುತ್ತದೆ, ಮದುವೆಯಾದ ಮೇಲೆ ಸಹಿ ಬದಲಾಗಿರುತ್ತದೆ, ಡ್ರೈವಿಂಗ್ ಲೈಸೆನ್ಸ್‌ನ ಹಳೆಯ ಸಹಿಯ ಜೊತೆ ಅದು ಕೂಡುವುದಿಲ್ಲ. ಫೋನ್ ಮಾಡಿದರೆ ಮೋಸದ ಕರೆ ಎಂದೇ ಜನ ತಿಳಿಯುತ್ತಾರೆ. ಕೌಂಟಿಯ ಪತ್ರ ಅವರಿಗೂ ಬಂದಿರುತ್ತದೆ, ಹಾಗಾಗಿ ಅದನ್ನು ಹುಡುಕಿಸಿ ಪಕ್ಕದಲ್ಲಿಟ್ಟು ಮಾತಾಡಿ. ಇದಕ್ಕೆ ಬೇಕಾದ 20 ಜನರ ವಸತಿ, ಕಾರು, ಊಟದ ದುಡ್ಡನ್ನು ಅಕ್ಟೋಬರ್‌ನಲ್ಲೇ ಎತ್ತಿಡಿ. ಡುವಾರ್ಟೆ ಅವರ 187 ಮತದ ಫಲಿತಾಂಶ ಖಚಿತವಾಗುವ ಹೊತ್ತಿಗೆ ಡಿಸೆಂಬರ್ 3 ಆಗಿತ್ತು.