ಹಾಂಗ್‌ಕಾಂಗ್ ದುಡ್ಡು ಶೆನ್‌ಜೆನ್‌ಗೆ ದಾಟುವ ಬಗೆ

ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್‌ನಲ್ಲಿ ಹೈಸ್ಪೀಡ್ ರೈಲು ಹತ್ತಿದರೆ ಗಡಿಯಾಚೆಯ ಚೀನಾ ನಗರ ಶೆನ್‌ಜೆನ್‌ನ ಫುಟಿಯಾನ್ ತಲುಪಲು ಕಾಲು ಗಂಟೆಯೂ ಬೇಡ, 14 ನಿಮಿಷ ಸಾಕು. ಅದೇ ದಾರಿಯಲ್ಲಿ ದುಡ್ಡು ದಾಟಿಸಲು ಮೊನ್ನೆಮೊನ್ನೆಯವರೆಗೂ ದಿನಗಟ್ಟಲೆ ಕಾಯಬೇಕಿತ್ತು. ಹಾಂಗ್‌ಕಾಂಗ್, ಮಕಾವು ಮತ್ತು ಗುವಾಂಗ್‌ಡಾಂಗ್ ಪ್ರಾಂತ್ಯದ 9 ನಗರಗಳನ್ನು ಸೇರಿಸಿ ಚೀನಾ 2019ರ ಫೆಬ್ರವರಿಯಲ್ಲಿ ‘ಗ್ರೇಟರ್ ಬೇ ಏರಿಯಾ’ ಯೋಜನೆ ಪ್ರಕಟಿಸಿತು. ಸಮುದ್ರದ ಮೇಲೆ 55 ಕಿಲೋಮೀಟರ್ ಉದ್ದದ ಸೇತುವೆ ಅದಕ್ಕೂ ಮೊದಲೇ ಸಿದ್ಧವಾಗಿತ್ತು. ನಾಣ್ಯ ಮಾತ್ರ ಇಂದಿಗೂ ಮೂರು: ಹಾಂಗ್‌ಕಾಂಗ್ ಡಾಲರ್, ಚೀನಾದ ಯುವಾನ್, ಮಕಾವಿನ ಪಟಾಕಾ.

ಇಲ್ಲಿನ ತೊಡಕು ತಂತ್ರಜ್ಞಾನದ್ದು ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲ. ಹಾಂಗ್‌ಕಾಂಗ್ ಡಾಲರನ್ನು ಅಮೆರಿಕದ ಡಾಲರಿಗೆ 7.75ರಿಂದ 7.85ರ ನಡುವೆ ಕಟ್ಟಿಹಾಕಿದ್ದಾರೆ, ಆದರೆ ಯಾರು ಎಷ್ಟು ಬೇಕಾದರೂ ಒಳಗೆ ತರಬಹುದು, ಹೊರಗೆ ಒಯ್ಯಬಹುದು. ಯುವಾನ್ ಹಾಗಲ್ಲ. ಚೀನಾದ ಒಬ್ಬ ನಾಗರಿಕ ಹೆಚ್ಚಿನ ಕಾಗದಪತ್ರ ತೋರಿಸದೆ ವರ್ಷಕ್ಕೆ 50,000 ಅಮೆರಿಕನ್ ಡಾಲರ್‌ನಷ್ಟು ವಿದೇಶಿ ನಾಣ್ಯ ಕೊಳ್ಳಬಹುದು, ಅಷ್ಟೆ. ಹಾಗಾಗಿ ಇಲ್ಲಿನ ಪ್ರತಿಯೊಂದು ಪಾವತಿ ವ್ಯವಸ್ಥೆಯೂ ಕೆರೆ ಏರಿಗೆ ಇಟ್ಟ ತೂಬು. ನೀರು ಬಿಡಬೇಕು, ಅಳತೆ ಮೀರಬಾರದು. ಇದೊಂದು ತಲೆಯಲ್ಲಿದ್ದರೆ ಮುಂದಿನ ಮಿತಿಗಳೆಲ್ಲ ಅರ್ಥವಾಗುತ್ತವೆ.

ಹಳೆಯ ತೂಬು ಪ್ಲಾಸ್ಟಿಕ್ ಕಾರ್ಡಿನದು. ಹಾಂಗ್‌ಕಾಂಗ್‌ನ ಮೆಟ್ರೋ, ಬಸ್ಸುಗಳಲ್ಲಿ ನಡೆಯುವ ಆಕ್ಟೋಪಸ್ ಕಾರ್ಡ್ ಶುರುವಾದದ್ದು 1997ರ ಸೆಪ್ಟೆಂಬರ್ 1ರಂದು. ಸೋನಿ ಕಂಪನಿಯ ಫೆಲಿಕಾ ಚಿಪ್ಪಿನಲ್ಲೇ ಉಳಿದ ಹಣದ ಲೆಕ್ಕ ಇರುವುದರಿಂದ ಗೇಟಿನ ಯಂತ್ರ ಯಾವ ಸರ್ವರ್ ಅನ್ನೂ ಕೇಳಬೇಕಿಲ್ಲ. 0.3 ಸೆಕೆಂಡಿನಲ್ಲಿ ಹಣ ಮುರಿದುಕೊಂಡು ದಾರಿ ಬಿಡುತ್ತದೆ. ಠೇವಣಿ ಹಣ ಇರುವ ಧೈರ್ಯಕ್ಕೆ ಉಳಿದ ಹಣ ಒಂದು ಸಲ ಮೈನಸ್ಸಿಗೂ ಇಳಿಯಬಹುದು. ಆದರೆ ಶೆನ್‌ಜೆನ್ ಮೆಟ್ರೋದ ಗೇಟಿಗೆ ಈ ಚಿಪ್ಪಿನ ಭಾಷೆಯೂ ಗೊತ್ತಿಲ್ಲ, ಅದರೊಳಗಿನ ನಾಣ್ಯವೂ ಬೇಡ. 2012ರಲ್ಲಿ ಕಂಡುಕೊಂಡ ಉಪಾಯವೆಂದರೆ ಆಕ್ಟೋಪಸ್ ಮತ್ತು ಶೆನ್‌ಜೆನ್‌ನ ಸಾರಿಗೆ ಕಾರ್ಡ್ ‘ಶೆನ್‌ಜೆನ್ ಟಾಂಗ್’ ಎರಡನ್ನೂ ಒಂದೇ ಕಾರ್ಡಿನಲ್ಲಿ ಕೂರಿಸಿದ್ದು. ನೋಡಲು ಒಂದು ಕಾರ್ಡ್, ಒಳಗೆ ಎರಡು ಪರ್ಸು. ಡಾಲರ್ ಪರ್ಸಿನಲ್ಲಿ 500 ಇದ್ದರೂ ಯುವಾನ್ ಪರ್ಸು ಬರಿದಾಗಿದ್ದರೆ ಶೆನ್‌ಜೆನ್‌ನಲ್ಲಿ ಗೇಟು ತೆರೆಯದು. ಒಂದರಿಂದ ಇನ್ನೊಂದಕ್ಕೆ ಹಣ ತಾನಾಗಿ ಹರಿಯದು. ಏಕೀಕರಣ ಎನ್ನುವುದಕ್ಕಿಂತ ಎರಡು ಜೇಬನ್ನು ಒಂದೇ ಅಂಗಿಗೆ ಹೊಲಿದದ್ದು ಎನ್ನಬಹುದು.

ನಿಜವಾದ ಬದಲಾವಣೆ ತಂದದ್ದು ಕ್ಯೂಆರ್ ಕೋಡ್. ವಿಚಾಟ್ ಪೇ, ಅಲಿಪೇ ಎರಡೂ ಚೀನಾದ ಫೋನ್ ಪಾವತಿ ಸೇವೆಗಳು. 2018ರಲ್ಲಿ ವಿಚಾಟ್ ಪೇಯ ಹಾಂಗ್‌ಕಾಂಗ್ ವ್ಯಾಲೆಟ್, ಮರುವರ್ಷ ಅಲಿಪೇಯ ಹಾಂಗ್‌ಕಾಂಗ್ ವ್ಯಾಲೆಟ್ ಗಡಿಯಾಚೆಯ ಅಂಗಡಿಗಳಲ್ಲಿ ನಡೆಯತೊಡಗಿದವು. ಗ್ರಾಹಕನ ವ್ಯಾಲೆಟ್ಟಿನಿಂದ ಹೋಗುವುದು ಹಾಂಗ್‌ಕಾಂಗ್ ಡಾಲರ್, ಅಂಗಡಿಯವನಿಗೆ ಸಿಗುವುದು ಯುವಾನ್. ನಡುವಿನ ಅದಲುಬದಲನ್ನು ವ್ಯಾಲೆಟ್ ಕಂಪನಿ ಮತ್ತು ಬ್ಯಾಂಕು ನೋಡಿಕೊಳ್ಳುತ್ತವೆ. ದರ ತೋರಿಸುವ ಪರದೆಯನ್ನು ಓದದೆ ಒತ್ತಿಬಿಡುವವರೇ ಹೆಚ್ಚು. ಓದುವ ಅಭ್ಯಾಸ ಒಳ್ಳೆಯದು.

ಕೈಕೊಡುವುದು ಎಲ್ಲಿ? ಮೊದಲನೆಯದು ಗೋಡೆಗೆ ಅಂಟಿಸಿದ ಸ್ಥಿರ ಕೋಡ್. ಅಂಗಡಿಯವನ ಸ್ಟಿಕ್ಕರಿನ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹಣ ಹೊಡೆಯುವವರ ಕಾಟಕ್ಕೆ ಚೀನಾದ ಕೇಂದ್ರ ಬ್ಯಾಂಕು 2018ರ ಏಪ್ರಿಲ್‌ನಿಂದ ಇಂಥ ಪಾವತಿಗೆ ದಿನಕ್ಕೆ 500 ಯುವಾನ್ ಮಿತಿ ಹಾಕಿತು. ದೊಡ್ಡ ಬಿಲ್ಲಿದ್ದರೆ ನೀವು ಸ್ಕ್ಯಾನ್ ಮಾಡಲು ಹೋಗಬೇಡಿ, ನಿಮ್ಮ ಫೋನಿನ ಕೋಡನ್ನು ಅವರ ಯಂತ್ರಕ್ಕೆ ತೋರಿಸಿ. ಅದು ಆಗಾಗ ಬದಲಾಗುವುದರಿಂದ ಸುರಕ್ಷಿತ.

ಎರಡನೆಯದು, ತಳ್ಳುಗಾಡಿಯವರು ವ್ಯಾಪಾರಿ ಕೋಡ್ ಬದಲು ಸ್ವಂತ ಖಾತೆಯ ಕೋಡ್ ಇಟ್ಟಿರುವುದು. ವಿದೇಶಿ ಕಾರ್ಡ್ ಜೋಡಿಸಿದ ಅಲಿಪೇ, ವಿಚಾಟ್‌ಗಳಿಂದ ಒಬ್ಬ ವ್ಯಕ್ತಿಗೆ ಹಣ ವರ್ಗಾಯಿಸಲು ಬರುವುದಿಲ್ಲ, ವ್ಯಾಪಾರಿಗೆ ಪಾವತಿಸಲು ಮಾತ್ರ ಬರುತ್ತದೆ. ಅಂಥ ಕಾರ್ಡಿನವರು ಶುಲ್ಕದ ಗೆರೆಯನ್ನೂ ನೋಡಿಕೊಳ್ಳಬೇಕು. ಅಲಿಪೇಯಲ್ಲಿ ಒಂದು ಪಾವತಿ 200 ಯುವಾನ್ ದಾಟಿದರೆ 3 ಶೇಕಡಾ ಶುಲ್ಕ, ಅಂದರೆ 600 ಯುವಾನಿನ ಬಿಲ್ಲಿಗೆ 18 ಯುವಾನ್ ಹೆಚ್ಚು. 2024ರಲ್ಲಿ ಒಂದು ಪಾವತಿಯ ಮಿತಿಯನ್ನು 1,000ದಿಂದ 5,000 ಅಮೆರಿಕನ್ ಡಾಲರಿಗೆ, ವರ್ಷದ ಮಿತಿಯನ್ನು 10,000ದಿಂದ 50,000ಕ್ಕೆ ಏರಿಸಿದರು.

ಇನ್ನೊಂದು ಚಿಕ್ಕ ವಿಷಯ: ಹಾಂಗ್‌ಕಾಂಗ್ ಸಿಮ್ ತೆಗೆದು ಸ್ಥಳೀಯ ಸಿಮ್ ಹಾಕಿದರೆ ಬ್ಯಾಂಕಿನ ಒಟಿಪಿ ಬರುವುದಿಲ್ಲ. ಎರಡೂ ಸಿಮ್ ಚಾಲೂ ಇರಲಿ.

ಅಂಗಡಿಯ ಮಾತು ಆಯಿತು. ಒಬ್ಬರಿಂದ ಒಬ್ಬರಿಗೆ ಹಣ ಕಳಿಸುವುದೇ ಗಟ್ಟಿ ಗಂಟು. ಹಾಂಗ್‌ಕಾಂಗ್‌ನ ಒಳಗೆ 2018ರ ಸೆಪ್ಟೆಂಬರ್‌ನಿಂದ ‘ಫಾಸ್ಟರ್ ಪೇಮೆಂಟ್ ಸಿಸ್ಟಮ್’ ಇದೆ. ಫೋನ್ ನಂಬರ್ ಒತ್ತಿದರೆ ದಿನದ ಯಾವ ಹೊತ್ತಿನಲ್ಲಾದರೂ ಡಾಲರ್ ಅಥವಾ ಯುವಾನ್ ಹೋಗುತ್ತದೆ. ಚೀನಾದ ಒಳನಾಡಿನಲ್ಲೂ, ಅಂದರೆ ಹಾಂಗ್‌ಕಾಂಗ್, ಮಕಾವು ಬಿಟ್ಟ ಚೀನಾದಲ್ಲೂ, ಅಂಥದ್ದೇ ವ್ಯವಸ್ಥೆ ಮೊದಲೇ ಇತ್ತು. ಎರಡನ್ನೂ ಜೋಡಿಸಿದ್ದು 2025ರ ಜೂನ್ 22ರಂದು, ‘ಪೇಮೆಂಟ್ ಕನೆಕ್ಟ್’ ಹೆಸರಿನಲ್ಲಿ. ಶುರುವಿನಲ್ಲಿ ಎರಡೂ ಕಡೆ ಆರಾರು ಬ್ಯಾಂಕುಗಳು. ಹಾಂಗ್‌ಕಾಂಗ್‌ನಿಂದ ಕಳಿಸುವವರು ಬ್ಯಾಂಕಿನ ಆ್ಯಪ್‌ನಲ್ಲಿ ಪಡೆಯುವವರ ಫೋನ್ ನಂಬರನ್ನೋ ಖಾತೆ ಸಂಖ್ಯೆಯನ್ನೋ ಕೊಟ್ಟು, ಮೊತ್ತ ನಮೂದಿಸಿ, ದರ ನೋಡಿ ಒಪ್ಪಿದರಾಯಿತು. ಕಾಗದಪತ್ರ ಬೇಡ. ಮಿತಿ ದಿನಕ್ಕೆ 10,000 ಹಾಂಗ್‌ಕಾಂಗ್ ಡಾಲರ್, ವರ್ಷಕ್ಕೆ 2,00,000. ಹೀಗಾಗಿ ಪ್ರತಿದಿನ ಪೂರ್ತಿ ಮಿತಿ ಬಳಸಿದರೆ 20 ದಿನಕ್ಕೆ ವರ್ಷದ ಪಾಲು ಮುಗಿಯುತ್ತದೆ. ಶೆನ್‌ಜೆನ್‌ನಲ್ಲಿರುವ ತಂದೆತಾಯಿಗೆ ತಿಂಗಳ ಖರ್ಚಿಗೆ ಕಳಿಸಲು ಧಾರಾಳ, ಮನೆ ಕೊಳ್ಳುವ ಮುಂಗಡಕ್ಕೆ ಸಾಲದು. ಬೇಕೆಂದೇ ಹಾಗಿಟ್ಟಿದ್ದಾರೆ. ಆ ಕಡೆಯಿಂದ ಕಳಿಸುವವರಿಗೆ ಇದು ಮೇಲೆ ಹೇಳಿದ 50,000 ಡಾಲರ್ ಕೋಟಾದಲ್ಲೇ ಎಣಿಕೆಯಾಗುತ್ತದೆ. ದೊಡ್ಡ ಮೊತ್ತಕ್ಕೆ ಹಳೆಯ ದಾರಿಯೇ ಗತಿ: ಹಾಂಗ್‌ಕಾಂಗ್ ನಿವಾಸಿ ತನ್ನದೇ ಹೆಸರಿನ ಒಳನಾಡಿನ ಖಾತೆಗೆ ದಿನಕ್ಕೆ 80,000 ಯುವಾನ್ ಕಳಿಸಬಹುದು. ‘ತನ್ನದೇ ಹೆಸರು’ ಎನ್ನುವಲ್ಲೇ ಜನ ಎಡವುತ್ತಾರೆ. ಒಂದು ಖಾತೆಯಲ್ಲಿ ಹೆಸರು ರೋಮನ್ ಅಕ್ಷರದಲ್ಲಿ, ಇನ್ನೊಂದರಲ್ಲಿ ಚೀನೀ ಅಕ್ಷರದಲ್ಲಿ ಇದ್ದರೆ ಹಣ ನಡುದಾರಿಯಲ್ಲಿ ನಿಲ್ಲಬಹುದು. ಮೊದಲ ಸಲ ಚಿಕ್ಕ ಮೊತ್ತ ಕಳಿಸಿ ನೋಡುವುದು ಮೇಲು.

ಚೀನಾದ ಕೇಂದ್ರ ಬ್ಯಾಂಕೇ ಹೊರಡಿಸುವ ಡಿಜಿಟಲ್ ಯುವಾನಿನ ವ್ಯಾಲೆಟ್ಟನ್ನು 2024ರ ಮೇಯಿಂದ ಹಾಂಗ್‌ಕಾಂಗ್ ಫೋನ್ ನಂಬರಿನಲ್ಲೇ ತೆರೆಯಬಹುದು, ಟಾಪ್‌ಅಪ್ ಮೇಲಿನ ಫಾಸ್ಟರ್ ಪೇಮೆಂಟ್ ಮೂಲಕ. ಒಳಗೆ 10,000 ಯುವಾನ್ ಇಡಬಹುದು, ಒಂದು ಸಲಕ್ಕೆ 2,000, ದಿನಕ್ಕೆ 5,000 ಖರ್ಚು ಮಾಡಬಹುದು. ಗೆಳೆಯನಿಗೆ ಕಳಿಸಲು ಬಿಡಲಿಲ್ಲ, ಅಂಗಡಿಗಷ್ಟೇ. ಮತ್ತದೇ ತೂಬು.

ಮಕಾವಿನಲ್ಲಿ ಕಥೆ ತಿರುಗುಮುರುಗು. ಅಲ್ಲಿ ದರ ಗಟ್ಟಿ, 1 ಹಾಂಗ್‌ಕಾಂಗ್ ಡಾಲರಿಗೆ 1.03 ಪಟಾಕಾ. ಡಾಲರ್ ನೋಟನ್ನು ಅಂಗಡಿಗಳು ಖುಷಿಯಿಂದ ತೆಗೆದುಕೊಳ್ಳುತ್ತವೆ, ಯಾಕೆಂದರೆ ಒಂದಕ್ಕೊಂದು ಲೆಕ್ಕದಲ್ಲಿ ತೆಗೆದುಕೊಳ್ಳುವುದೇ ರೂಢಿ. 1,000 ಡಾಲರಿನ ನೋಟು ಕೊಟ್ಟರೆ 30 ಪಟಾಕಾ ಸದ್ದಿಲ್ಲದೆ ಕೈಬಿಟ್ಟಿತು. ಬಿಲ್ಲು ಪಟಾಕಾದಲ್ಲಿದ್ದು ಫೋನಿನಿಂದ ಪಾವತಿಸಿದರೆ ಪರದೆಯಲ್ಲಿ ದರ ಕಾಣುತ್ತದೆ. ಆ ಅಂಕಿ ಒಂದಕ್ಕೊಂದಕ್ಕಿಂತ ಚೆನ್ನಾಗಿದೆಯೇ ಎಂದು ನೋಡಿ ಒತ್ತಿ.