ಐಯೋನಾದಲ್ಲಿ ಅಡೊಮ್ನಾನನನ್ನು ಹುಡುಕಿದ ದಿನ

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಾಚೆಗಿನ ಐಯೋನಾ ದ್ವೀಪಕ್ಕೆ ಹೋಗುವವರಲ್ಲಿ ಹೆಚ್ಚಿನವರು ಸಂತ ಕೊಲಂಬಾನ ಹೆಸರು ಹೇಳಿಕೊಂಡೇ ಹೋಗುತ್ತಾರೆ. 563ರಲ್ಲಿ ಐರ್ಲೆಂಡಿನಿಂದ ಬಂದು ಅಲ್ಲಿ ಮಠ ಸ್ಥಾಪಿಸಿದವನು ಅವನು. ನನ್ನನ್ನು ಸೆಳೆದವನು ಮಾತ್ರ ಅದೇ ಮಠದ ಒಂಬತ್ತನೆಯ ಅಧಿಪತಿ, 679ರಿಂದ 704ರವರೆಗೆ ಆ ಪೀಠದಲ್ಲಿದ್ದ ಅಡೊಮ್ನಾನ್. ಕೊಲಂಬಾ ತೀರಿಹೋಗಿ ಕಾಲು ಶತಮಾನವಾದ ಮೇಲೆ ಹುಟ್ಟಿದ ಈತ, ಹಿರಿಯರ ಬಾಯಿಂದ ಕೇಳಿದ್ದನ್ನೆಲ್ಲ ಕೂಡಿಸಿ ಲ್ಯಾಟಿನ್ನಿನಲ್ಲಿ ಅವನ ಚರಿತ್ರೆ ಬರೆದ. ಗ್ಲಾಸ್ಗೋದಲ್ಲಿ ನೆಲೆಸಿದ ಮೇಲೆ ನಾನು ಆ ಚರಿತ್ರೆಯ ಅನುವಾದವನ್ನು ಓದಿದ್ದೆ. ಸಂತನ ಪವಾಡಗಳಿಗಿಂತ ಅವುಗಳನ್ನು ಬರೆದಿಟ್ಟವನ ಮೇಲೆಯೇ ನನ್ನ ಮನಸ್ಸು ನೆಟ್ಟಿತ್ತು.

ಓಬನ್ನಿನಿಂದ ಹಡಗು ಹತ್ತಿ ಮಲ್ ದ್ವೀಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಆ ದ್ವೀಪದ ಇನ್ನೊಂದು ತುದಿಗೆ, ಮತ್ತೆ ಚಿಕ್ಕ ಹಡಗಿನಲ್ಲಿ ಐಯೋನಾಕ್ಕೆ ಹೋದೆ. ಜೊತೆಗೆ ಇಳಿದವರೆಲ್ಲ ಮಠದ ಕಡೆಗೆ ತಿರುಗಿದರು. ಈಗ ಕಾಣುವ ಕಲ್ಲಿನ ಮಠ ಸುಮಾರು 1200ರಲ್ಲಿ ಶುರುವಾಗಿ, ಪಾಳುಬಿದ್ದು, 20ನೆಯ ಶತಮಾನದಲ್ಲಿ ಜೀರ್ಣೋದ್ಧಾರವಾದದ್ದು. ಅಡೊಮ್ನಾನನ ಕಾಲದ ಕಟ್ಟಡಗಳಿಗೆ ಮರವನ್ನು ದೋಣಿಗಳಿಂದ ಎಳೆಸಿಕೊಂಡು ಸಮುದ್ರದ ಮೇಲೆ ತರಬೇಕಾಗಿತ್ತು. ಆ ಮರದ ಕಟ್ಟಡಗಳು ಈಗ ಉಳಿದಿಲ್ಲ. ಹಾಗಾಗಿ ನಾನು ಮೊದಲು ಪಶ್ಚಿಮ ತೀರದ ಬಯಲಿಗೆ ನಡೆದೆ. ಮಠದವರು ಉಳುತ್ತಿದ್ದದ್ದು ಆ ಬಯಲನ್ನೇ. ದಾರಿಯ ಪಕ್ಕದಲ್ಲಿ ಹಸಿರು ಹುಲ್ಲು ಹೊದ್ದ ಒಂದು ದಿಬ್ಬವಿದೆ. ಎತ್ತರವೇನೂ ಇಲ್ಲ, ಕುರಿಗಳು ಮೇಯುತ್ತ ಅದರ ನೆತ್ತಿಯವರೆಗೂ ಹೋಗಿ ಬರುತ್ತಿದ್ದವು. ಚರಿತ್ರೆಯಲ್ಲಿ ಬರುವ ದೇವದೂತರ ಗುಡ್ಡ ಇದೇ ಎನ್ನುತ್ತಾರೆ.

ಅಡೊಮ್ನಾನ್ ತನ್ನ ಕಣ್ಣೆದುರೇ ನಡೆದದ್ದೆಂದು ಬರೆದಿರುವ ಒಂದು ಪ್ರಸಂಗ ಈ ಗುಡ್ಡಕ್ಕೆ ಸೇರಿದ್ದು. ಒಂದು ವಸಂತದಲ್ಲಿ ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಮಳೆ ಬೀಳಲಿಲ್ಲ. ಮಠದವರು ಕೂಡಿ ಯೋಚಿಸಿ, ಕೊಲಂಬಾ ಸಾಯುವಾಗ ತೊಟ್ಟಿದ್ದ ಬಿಳಿಯ ನಿಲುವಂಗಿಯನ್ನೂ ಅವನು ಸ್ವಂತ ಕೈಯಿಂದ ಬರೆದ ಪುಸ್ತಕಗಳನ್ನೂ ಹೊತ್ತು, ಆಗ ತಾನೇ ಉತ್ತು ಬಿತ್ತಿದ ಹೊಲವನ್ನು ಸುತ್ತುವುದೆಂದು ನಿಶ್ಚಯಿಸಿದರು. ನಿಲುವಂಗಿಯನ್ನು ಎತ್ತಿ ಮೂರು ಬಾರಿ ಕೊಡವಿದರು. ಈ ಗುಡ್ಡದ ಮೇಲೆ ಪುಸ್ತಕಗಳನ್ನು ತೆರೆದು ಓದಿದರು. ಮಳೆ ಬಂತು, ಆ ವರ್ಷ ಬೆಳೆಯೂ ಚೆನ್ನಾಗಿ ಬಂತು ಎಂದು ಅವನು ಬರೆಯುತ್ತಾನೆ. ದಿಬ್ಬದ ಮೇಲೆ ನಿಂತು, ಸಮುದ್ರದ ಗಾಳಿಗೆ ಹಾಳೆಗಳು ಮಗುಚದಂತೆ ಹೆಬ್ಬೆರಳಿನಲ್ಲಿ ಒತ್ತಿಹಿಡಿದು, ನಾನು ಆ ಪುಟಗಳನ್ನು ಮತ್ತೆ ಓದಿದೆ. ಬೀಜ ಒಣಗುತ್ತದೆಯೆಂಬ ರೈತನ ದಿಗಿಲು ಆ ಗಂಭೀರ ಲ್ಯಾಟಿನ್ನಿನ ಅಡಿಯಲ್ಲಿ ಇದ್ದೇ ಇದೆ ಎಂದು ಅಲ್ಲಿ ನಿಂತಾಗ ನನಗೆ ಖಚಿತವಾಯಿತು. ಹಿಂದಿನವರ ಪುಣ್ಯವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರಷ್ಟೇ ಸಾಲದು, ಬದುಕಿರುವವರ ಕಷ್ಟಕ್ಕೆ ಅದು ಒದಗಬೇಕು ಎಂಬ ನಂಬಿಕೆ ಅವನದು.

ಅವನ ಉಳಿದ ಬಾಳಿನಲ್ಲೂ ನನಗೆ ಕಾಣುವುದು ಇದೇ ಕಳಕಳಿ. 684ರಲ್ಲಿ, ಈಗಿನ ಉತ್ತರ ಇಂಗ್ಲೆಂಡಿನ ಕಡೆಯ ನಾರ್ತಂಬ್ರಿಯಾ ರಾಜ್ಯದ ಅರಸ ಎಕ್‌ಫ್ರಿತ್ ಕಳಿಸಿದ ದಂಡು ಐರ್ಲೆಂಡಿನ ಬ್ರೇಗಾ ಸೀಮೆಯನ್ನು ಸೂರೆಮಾಡಿ ಜನರನ್ನು ಸೆರೆಹಿಡಿದೊಯ್ದಿತ್ತು. ಮರುವರ್ಷ ಆ ಅರಸ ಸ್ಕಾಟ್ಲೆಂಡಿನ ಉತ್ತರಭಾಗದಲ್ಲಿ ಆಗ ಇದ್ದ ಪಿಕ್ಟರೆಂಬ ಜನರೊಡನೆ ಕಾದಾಡಿ ಸತ್ತ. ಅವನ ನಂತರ ಪಟ್ಟಕ್ಕೆ ಬಂದ ಆಲ್ಡ್‌ಫ್ರಿತ್ ಐರಿಷ್ ತಾಯಿಯ ಮಗ, ಅಡೊಮ್ನಾನನ ಸ್ನೇಹಿತ. ಆ ಸ್ನೇಹವನ್ನು ನಂಬಿ, ಪ್ಲೇಗು ಹಬ್ಬಿದ್ದ ನಾಡಿನೊಳಗೆ ಪ್ರಯಾಣ ಮಾಡಿ, 60 ಮಂದಿ ಸೆರೆಯಾಳುಗಳನ್ನು ಅಡೊಮ್ನಾನ್ 687ರಲ್ಲಿ ಐರ್ಲೆಂಡಿಗೆ ಮರಳಿ ಕರೆತಂದ.

ಸಂಜೆಗೆ ಮೊದಲು ಮಠದ ಎದುರಿನ ಬಂಡೆಗುಡ್ಡವನ್ನೂ ಹತ್ತಿದೆ. ಕೊಲಂಬಾ ಕುಳಿತು ಬರೆಯುತ್ತಿದ್ದ ಗುಡಿಸಲು ಅಲ್ಲಿತ್ತೆಂದು ಹೇಳುತ್ತಾರೆ. 1957ರಲ್ಲಿ ಅಲ್ಲಿ ಅಗೆದು ತೆಗೆದಿದ್ದ ಇದ್ದಿಲನ್ನು 2017ರಲ್ಲಿ ಪರೀಕ್ಷಿಸಿದಾಗ ಅದು 540ರಿಂದ 650ರ ನಡುವಿನದೆಂದು ತಿಳಿಯಿತು. ಮೇಲಿನಿಂದ ಇಡೀ ಮಠ ಕಾಣುತ್ತದೆ. ನಾರ್ತಂಬ್ರಿಯಾದಲ್ಲಿ ಈಸ್ಟರ್ ಹಬ್ಬದ ದಿನವನ್ನು ಲೆಕ್ಕಹಾಕುವ ರೋಮನ್ ಕ್ರಮಕ್ಕೆ ಒಲಿದು ಬಂದ ಅಡೊಮ್ನಾನನ ಮಾತನ್ನು ಅವನದೇ ಮಠದವರು ಒಪ್ಪಲಿಲ್ಲವಲ್ಲ, ಆ ಜಾಗ ಇದೇ ಎಂದು ನೆನೆದು ಬೇಸರವಾಯಿತು. ಅವರು ಒಪ್ಪಿದ್ದು 716ರಲ್ಲಿ, ಅವನು ತೀರಿಹೋಗಿ 12 ವರ್ಷಗಳಾದ ಮೇಲೆ.

ಮನೆಯವರು ಕೇಳದಿದ್ದರೂ ಹೊರಗಿನವರು ಕೇಳಿದರು. 697ರಲ್ಲಿ ಐರ್ಲೆಂಡಿನ ನಡುಭಾಗದ ಬಿರ್ ಎಂಬಲ್ಲಿ ಅರಸರೂ ಧರ್ಮಗುರುಗಳೂ ಸೇರಿದ ಸಭೆಯಲ್ಲಿ, ಯುದ್ಧದಲ್ಲಿ ಹೆಂಗಸರನ್ನು, ಮಕ್ಕಳನ್ನು, ಮಠದವರನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ಅವನು ಹೊರಡಿಸಿದ. ಅದಕ್ಕೆ ಜಾಮೀನು ನಿಂತ 91 ಜನರ ಪಟ್ಟಿ ಇಂದಿಗೂ ಉಳಿದಿದೆ, ಪಿಕ್ಟರ ಅರಸ ಬ್ರೂಯಿಡೆಯ ಹೆಸರೂ ಅದರಲ್ಲಿದೆ. ಮೀರಿದವರು ತೆರುವ ದಂಡದಲ್ಲಿ ಐಯೋನಾದವರಿಗೂ ಪಾಲಿತ್ತು. ಇದನ್ನು ಮಠದ ಆದಾಯದ ಲೆಕ್ಕಕ್ಕೆ ಇಳಿಸಿ ನೋಡುವುದು ನನಗೆ ಒಪ್ಪಿಗೆಯಿಲ್ಲ. ವಸೂಲಿಗೆ ಬೆನ್ನುಹತ್ತುವವರು ಇಲ್ಲದಿದ್ದರೆ ಅಂಥ ಕಟ್ಟಳೆ ಸಭೆ ಮುಗಿದ ದಿನವೇ ಮುಗಿದುಹೋಗುತ್ತಿತ್ತು. 727ರಲ್ಲಿ ಅಡೊಮ್ನಾನನ ಅವಶೇಷಗಳನ್ನು ಐರ್ಲೆಂಡಿಗೆ ಒಯ್ದು, ಅವನ ಕಟ್ಟಳೆಯನ್ನು ಮತ್ತೊಮ್ಮೆ ಜಾರಿಗೊಳಿಸಿದರು.